ಗೆಲವಿನ ತರುವಾಯದ ಎರಡು ವರ್ಷಗಳು

ಅಮೆರಿಕದ ಸ್ವಾತಂತ್ರ್ಯಸಂಗ್ರಾಮವು ಯಾರ್ಕ್‌ಟೌನಿನಲ್ಲಿಯೇ ಮುಗಿಯಿತೆಂದು ಬಹುಮಂದಿ ಭಾವಿಸಿರುವರು. ೧೭೮೧ನೆಯ ಅಕ್ಟೋಬರ್ ೧೯ರಂದು ಆಂಗ್ಲ ಸೇನಾಪತಿ ಕಾರ್ನ್‌ವಾಲಿಸನು ಏಳು ಸಾವಿರಕ್ಕೂ ಮಿಕ್ಕ ದಂಡಿನೊಡನೆ ಅಲ್ಲಿ ಶರಣಾಗತನಾದುದು ನಿಜ. ನೆಲದ ಮೇಲೆ ವಾಷಿಂಗ್ಟನ್ನನ ಪಡೆಯೂ ಫ್ರೆಂಚರ ಸೇನೆಯೂ ಮುತ್ತಿದ್ದುವು. ಸಮುದ್ರದ ದಾರಿಯನ್ನು ಫ್ರೆಂಚರ ಹಡಗುಗಳು ಕಟ್ಟಿದ್ದುವು. ಹತ್ತು ವರ್ಷ ಕಳೆದ ಮೇಲೆ, ೧೭೯೨ರಲ್ಲಿ, ಶ್ರೀರಂಗಪಟ್ಟಣವನ್ನು ಮುತ್ತಿ ಟಿಪ್ಪು ಸುಲ್ತಾನನಿಂದ ಅರ್ಧ ರಾಜ್ಯವನ್ನು ಬಿಡಿಸಿಕೊಂಡ ಕಾರ್ನ್‌ವಾಲಿಸನು ಈತನೇ ಎಂಬುದನ್ನು ನಮ್ಮ ವಾಚಕರು ಬಲ್ಲರು.

ಆದರೆ ಒಂದು ಮುತ್ತಿಗೆಯ ಗೆಲವೇ ಯುದ್ಧದ ಕೊನೆಯಲ್ಲ. ಪ್ಯಾರಿಸ್ಸಿನ ಕೌಲಿಗೆ ರುಜು ಬಿದ್ದುದು ೧೭೮೩ನೆಯ ಸೆಪ್ಟೆಂಬರ್ ೩ರಂದು. ಆಂಗ್ಲರು ನ್ಯೂಯಾರ್ಕ್ ಪಟ್ಟಣವನ್ನು ತೆರವು ಮಾಡಿದುದು ಅದೇ ನವೆಂಬರ್ ೨೫ರಂದು. ನಡುವಣ ಈ ಎರಡು ವರ್ಷಗಳೇ ಆ ದೇಶದ ನಿಜವಾದ ಪರೀಕ್ಷಾಕಾಲವೆಂದು ನಮ್ಮ ಮತ.

ಕಾದಿದವರಿಗೆ ಸಂಬಳವಿರಲಿಲ್ಲ. ಕಾಂಗ್ರೆಸ್ಸೆಂಬ ಪ್ರತಿನಿಧಿಸಭೆಗೆ ತೆರಿಗೆ ಹಾಕುವ ಅಧಿಕಾರವೇ ಇರಲಿಲ್ಲ. ಹದಿಮೂರು ರಾಜ್ಯಗಳು ಕೊಟ್ಟರುಂಟು, ಕೊಡದಿದ್ದರಿಲ್ಲ. ಸೇನಾಧಿಕಾರಿಗಳಿಗೆ ಜೀವಾವಧಿ ಅರ್ಧ ಸಂಬಳ ಕೊಡುವೆವೆಂದು ೧೭೮೦ರಲ್ಲಿ ಆಡಿದ ಮಾತು ಕಾಗದದಲ್ಲಿಯೇ ಉಳಿಯಿತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆಂಬ ಗಾದೆ ನಮ್ಮ ನಾಡಿನದಾದರೂ ಅದರ ನಡತೆ ಎಲ್ಲ ನಾಡುಗಳದೂ ಹೌದು. ೧೭೮೩ನೆಯ ಮಾರ್ಚಿ ತಿಂಗಳಲ್ಲಿ ನ್ಯೂಬರ್ಗಿನ ಪಾಳೆಯದೊಳಗೆ ಹೆಸರಿಲ್ಲದ ಪತ್ರಗಳು ಹರಿದಾಡಿದುವು. ನ್ಯಾಯ ದೊರೆಯದಿದ್ದರೆ ಸಂಧಿಯಾದರೂ ಆಯುಧವನ್ನು ಕೆಳಗಿಡಬಾರದೆಂಬುದೇ ಅವುಗಳ ತಾತ್ಪರ್ಯ.

೧೫ರಂದು ವಾಷಿಂಗ್ಟನ್ನನು ತಾನೇ ಅಧಿಕಾರಿಗಳ ಸಭೆಗೆ ಬಂದು ಇದು ದೇಶವನ್ನು ಅಂತಃಕಲಹಕ್ಕೆ ನೂಕುವ ಮಾರ್ಗವೆಂದು ಬುದ್ಧಿ ಹೇಳಿದನು. ಒಂದು ಕಾಗದವನ್ನು ಓದುವುದಕ್ಕಾಗಿ ಕನ್ನಡಕವನ್ನು ತೆಗೆದು ಧರಿಸುತ್ತ, ದೇಶಸೇವೆಯಲ್ಲಿ ತಲೆ ನರೆತುದಲ್ಲದೆ ಕಣ್ಣೂ ಮಂಜಾಗುತ್ತಿದೆಯೆಂದನಂತೆ. ಕೆಚ್ಚೆದೆಯ ಯೋಧರ ಕಣ್ಣುಗಳು ಹನಿಗೂಡಿದುವೆಂದು ಹೇಳುವರು. ಸಂಚು ಅಲ್ಲಿಗೆ ಅಡಗಿತು. ಅದೇ ಡಿಸೆಂಬರ್ ೨೩ರಂದು ಅವನು ಅನಾಪೊಲಿಸ್ ನಗರದಲ್ಲಿ ತನ್ನ ಸೇನಾಧಿಪತ್ಯದ ಸನದನ್ನು ಕಾಂಗ್ರೆಸ್ಸಿಗೆ ಹಿಂದಿರುಗಿಸಿ, ತನ್ನ ಹೊಲಮನೆಗಳ ಕಡೆಗೆ ನಡೆದನು.

ಈ ತ್ಯಾಗವನ್ನು ಲೋಕವು ಹೊಗಳಿರುವುದು ಯುಕ್ತವೇ ಸರಿ. ಆದರೆ ಆ ಯೋಧರ ಬಾಕಿಯ ಗತಿಯೇನಾಯಿತು? ಅರ್ಧ ಸಂಬಳಕ್ಕೆ ಬದಲಾಗಿ ಐದು ವರ್ಷಗಳ ಪೂರ್ಣ ಸಂಬಳವೆಂದು ಗೊತ್ತುಮಾಡಿ, ಹಣದ ಬದಲು ಸಾಲಪತ್ರಗಳನ್ನು ಕೊಟ್ಟರು. ಹಸಿದವರು ಅವುಗಳನ್ನು ಸಿಕ್ಕಿದ ಬೆಲೆಗೆ ಮಾರಿಕೊಂಡರು. ಲಾಭವು ಸಾಹುಕಾರರ ಪಾಲಾಯಿತು. ಶಸ್ತ್ರವುಳ್ಳವರು ಸಭೆಗೆ ತಲೆಬಾಗಿದರು. ಸಭೆಯು ಮಾತ್ರ ಅವರ ಋಣವನ್ನು ಅರೆಬರೆಯಾಗಿ ತೀರಿಸಿತು.

ಪ್ರಜಾಸತ್ತೆಗೆ ಸೇನೆಯು ಅಧೀನವಾಗಿರಬೇಕೆಂಬ ಧರ್ಮವನ್ನು ನಾವು ಸರ್ವಥಾ ಅನುಮೋದಿಸುವೆವು. ಆದರೆ ಆ ಅಧೀನತೆಯನ್ನು ಕೇಳುವ ಸಭೆಯು ತಾನು ಕೊಟ್ಟ ಮಾತನ್ನು ಮೊದಲು ನಡೆಯಿಸಬೇಕು. ಸಿಪಾಯಿಯ ಬಾಕಿಯನ್ನು ನಿಲ್ಲಿಸಿಕೊಂಡು ವಿಜಯೋತ್ಸವವನ್ನು ಆಚರಿಸುವ ರಾಷ್ಟ್ರಗಳು ನ್ಯೂಬರ್ಗಿನ ಪಾಳೆಯವನ್ನು ಮರೆಯದಿರುವುದು ಮೇಲು. ಎಲ್ಲ ಪಾಳೆಯಗಳಲ್ಲಿಯೂ ಒಬ್ಬ ವಾಷಿಂಗ್ಟನ್ನನು ದೊರೆಯುವುದಿಲ್ಲ.