ಆಪತ್ಕಾಲದ ಎಸೆಗಾರ

ಆಪತ್ತಿನ ಕಾಲಕ್ಕೆ ಬೇರೊಂದು ಧರ್ಮವುಂಟೆಂದು ನಮ್ಮ ಹಿರಿಯರು ಹೇಳಿರುವರು. ಪುಸ್ತಕ ಹಿಡಿದವನು ಆಗ ಆಯುಧ ಹಿಡಿಯಬಹುದು. ಆಯುಧ ಹಿಡಿದವನು ತಕ್ಕಡಿ ಹಿಡಿಯಬಹುದು. ಆದರೆ ಆಪತ್ತು ಕಳೆದೊಡನೆ ಅವರವರು ತಮ್ಮ ತಮ್ಮ ಕೆಲಸಕ್ಕೆ ಹಿಂದಿರುಗತಕ್ಕದ್ದು. ಈ ಆಪದ್ಧರ್ಮದ ಸೊಗಸಾದ ನಿದರ್ಶನವೊಂದು ಅಮೆರಿಕದ ಬೇಸ್‌ಬಾಲ್ ಆಟದಲ್ಲಿ ದೊರೆಯುವುದರಿಂದ, ಈ ತಿಂಗಳು ಅದನ್ನೇ ವಾಚಕರ ಮುಂದಿಡುವೆವು.

ಕ್ರಿಕೆಟ್ ಬಲ್ಲ ನಮ್ಮವರಿಗೆ ಬ್ಯಾಟುಗಾರನು ಚೆಂಡೆಸೆಯುವುದು ಹೊಸ ನೋಟವೇನೂ ಅಲ್ಲ. 2002ರಲ್ಲಿ ಆಂಟಿಗುವಾದ ಟೆಸ್ಟ್ ಪಂದ್ಯದಲ್ಲಿ ವಿಕೆಟ್ ಕೀಪರೂ ಸೇರಿ ಭಾರತದ ಹನ್ನೊಂದು ಮಂದಿಯೂ ಬೌಲ್ ಮಾಡಿದರು. ನಮ್ಮ ರಾಹುಲ್ ದ್ರಾವಿಡರಿಗೆ ಟೆಸ್ಟ್ ಜೀವನದ ಏಕಮಾತ್ರ ವಿಕೆಟ್ ದೊರೆತುದು ಅಂದೇ. ಬೇಸ್‌ಬಾಲಿನ ರೀತಿಯು ಹಾಗಲ್ಲ. ಅಲ್ಲಿ ಚೆಂಡೆಸೆಯುವವನಿಗೆ ಪಿಚರ್ ಎಂದು ಹೆಸರು. ಹತ್ತು ಅಂಗುಲ ಎತ್ತರದ ಮಣ್ಣಿನ ದಿಬ್ಬದ ಮೇಲೆ ನಿಂತು, ಅರುವತ್ತು ಅಡಿ ಆರು ಅಂಗುಲದಾಚೆಗೆ, ಗಂಟೆಗೆ 150 ಕಿಲೋಮೀಟರಿನಷ್ಟು ವೇಗದಿಂದ ಅವನು ಚೆಂಡನ್ನೆಸೆಯುವನು. ಆ ಚೆಂಡು ಬ್ಯಾಟುಗಾರನನ್ನು ಮುಟ್ಟಲು ಅರೆಗಳಿಗೆಯೇಕೆ, ಅರ್ಧ ಸೆಕೆಂಡೂ ಬೇಡ. ಈ ವಿದ್ಯೆಗಾಗಿಯೇ ತೋಳನ್ನು ವರ್ಷಾನುಗಟ್ಟಲೆ ಸಾಧಿಸಿದವನು ಮಾತ್ರ ಆ ದಿಬ್ಬವನ್ನೇರುವುದು ವಾಡಿಕೆ.

ಹಾಗಿದ್ದೂ ಕೆಲವೊಂದು ದಿನ ಅನ್ಯ ಆಟಗಾರನೊಬ್ಬನು ಅಲ್ಲಿಗೆ ನಡೆದುಬರುವುದನ್ನು ಕಾಣುತ್ತೇವೆ. ಇದಕ್ಕೆ ಕಾರಣವು ಸ್ಪಷ್ಟವಾಗಿದೆ. ಒಂದು ತಂಡವು ಸುಮಾರು ಆರು ತಿಂಗಳಲ್ಲಿ 162 ಪಂದ್ಯಗಳನ್ನಾಡಬೇಕು. ಅಂದರೆ ಹೆಚ್ಚುಕಡಮೆ ಪ್ರತಿದಿನವೂ ಆಟವೇ. ಪಿಚರನ ತೋಳು ಪ್ರತಿದಿನದ ದುಡಿಮೆಯನ್ನು ತಾಳಲಾರದು. ಇಂದಿನ ಪಂದ್ಯವು ಕೈಬಿಟ್ಟುಹೋಯಿತೆಂದು ಖಚಿತವಾದ ಮೇಲೆ, ನಾಳೆಗೆ ಬೇಕಾದ ತೋಳನ್ನು ಇಂದೇ ಸವೆಸುವುದು ಜಾಣತನವಲ್ಲ. ಆಗ ತಂಡದ ಮುಖ್ಯಸ್ಥನು ಹೊರಗಾವಲಿನವನನ್ನೋ ಹಿಂಗಾವಲಿನವನನ್ನೋ ಕರೆದು ಚೆಂಡನ್ನು ಕೈಯಲ್ಲಿಡುತ್ತಾನೆ. ಸೋಲು ನಿಶ್ಚಯವಾದ ಹೊತ್ತಿನಲ್ಲಿ, ಸಹಸ್ರಾರು ಜನರ ಮುಂದೆ, ತನಗೆ ಬಾರದ ಕೆಲಸಕ್ಕೆ ನಿಲ್ಲುವುದು ಸುಲಭವಲ್ಲ. ಹಾಗೆ ನಿಂತವನು ತನ್ನ ಸಂಗಡಿಗರಿಗೆ ಒಂದು ದಿನದ ವಿಶ್ರಾಂತಿಯನ್ನು ದಾನಮಾಡುತ್ತಾನೆ.

ಇಂಥವನಿಗೆ ವೇಗವಿಲ್ಲದಿರುವುದೇ ಕೆಲವೊಮ್ಮೆ ಬಲವಾಗುವುದು ವಿಚಿತ್ರವಾದರೂ ನಿಜ. ಬಿರುಸಿನ ಚೆಂಡಿಗೆ ಹೊಂದಿಕೊಂಡ ಬ್ಯಾಟುಗಾರನು ತೇಲಿಬರುವ ಚೆಂಡನ್ನು ಕಂಡು ಆತುರಪಟ್ಟು, ಹೊತ್ತಿಗೆ ಮೊದಲೇ ಬೀಸಿ ತಪ್ಪುತ್ತಾನೆ. ಮೂರನೆಯ ಬೇಸನ್ನು ಕಾಯುತ್ತಿದ್ದ ವೇಡ್ ಬಾಗ್ಸ್ ಎಂಬ ಹೆಸರಾಂತ ಬ್ಯಾಟುಗಾರರು 1997ರ ಆಗಸ್ಟಿನಲ್ಲಿ ನ್ಯೂಯಾರ್ಕ್ ಯಾಂಕೀಸ್ ತಂಡಕ್ಕಾಗಿ ಒಂದು ಇನ್ನಿಂಗ್ಸು ಎಸೆದರು. ಸುತ್ತು ತಿರುಗದೆ ಗಾಳಿಯಲ್ಲಿ ಅತ್ತಿತ್ತ ಓಲಾಡುವ ‘ನಕಲ್‌ಬಾಲ್’ ಎಂಬ ನಿಧಾನದ ಎಸೆತವೇ ಅವರ ಸಾಧನ. ಎದುರಾಳಿಗಳಿಗೆ ಒಂದು ರನ್ನೂ ಸಿಕ್ಕಲಿಲ್ಲ.

2012ರ ಮೇ 6ರಂದು ಬಾಸ್ಟನ್ನಿನಲ್ಲಿ ನಡೆದ ಪಂದ್ಯವಂತೂ ಕಥೆಯಾಗಿ ಹೇಳತಕ್ಕದ್ದು. ಒಂಬತ್ತು ಇನ್ನಿಂಗ್ಸುಗಳಲ್ಲಿ ಮುಗಿಯಬೇಕಾದ ಆಟವು ಸಮಸಮವಾಗಿ ಹದಿನೇಳರವರೆಗೆ ಬೆಳೆಯಿತು. ಬಾಲ್ಟಿಮೋರ್ ತಂಡದ ಕ್ರಿಸ್ ಡೇವಿಸ್ ಅಂದು ಬ್ಯಾಟು ಹಿಡಿದು ಎಂಟು ಸಾರಿ ನಿಂತು ಎಂಟು ಸಾರಿಯೂ ವಿಫಲರಾಗಿದ್ದರು. ಪಿಚರುಗಳೆಲ್ಲ ಮುಗಿದಾಗ ಕೊನೆಯ ಎರಡು ಇನ್ನಿಂಗ್ಸುಗಳನ್ನೆಸೆಯುವ ಹೊಣೆ ಅವರದಾಯಿತು. ಒಂದು ರನ್ನನ್ನೂ ಕೊಡದೆ ಅವರು ಎಸೆದು ಮುಗಿಸಿದರು. ಎದುರು ತಂಡದಲ್ಲಿಯೂ ಹೊರಗಾವಲಿನವರೊಬ್ಬರೇ ಎಸೆಯಬೇಕಾಗಿ ಬಂದಿತ್ತು. ಬಾಲ್ಟಿಮೋರ್ 9–6ರಿಂದ ಗೆದ್ದಿತು. ಬ್ಯಾಟಿನಿಂದ ಏನನ್ನೂ ಗಳಿಸದವರ ಹೆಸರಿಗೆ ಪಿಚರನ ಗೆಲವು ಬರೆಯಲ್ಪಟ್ಟಿತು!

ಆದರೆ ಎಲ್ಲ ಕಥೆಗಳೂ ಹೀಗೆ ಮುಗಿಯುವುದಿಲ್ಲ. ಟೆಕ್ಸಸ್ ರೇಂಜರ್ಸ್ ತಂಡದ ಹೊಸೆ ಕ್ಯಾನ್ಸೆಕೊ ಅವರು ಪ್ರಚಂಡ ಹೊಡೆತಗಾರರು. ಪಿಚರನಾಗಬೇಕೆಂಬ ಹಂಬಲವೂ ಅವರಿಗಿತ್ತು. 1993ರ ಮೇ 29ರಂದು, ಅದೇ ಬಾಸ್ಟನ್ನಿನ ಮೈದಾನದಲ್ಲಿ ತಂಡವು ಸೋಲುತ್ತಿದ್ದಾಗ, ಆ ಹಂಬಲವು ಕೈಗೂಡಿತು. ಒಂದು ಇನ್ನಿಂಗ್ಸು ಎಸೆದು ಮೂರು ರನ್ನುಗಳನ್ನು ಕೊಟ್ಟರು. ಅಷ್ಟರಲ್ಲಿ ಮೊಣಕೈಯ ಸ್ನಾಯುಬಂಧವು ಕೆಟ್ಟಿತು. ಕೊನೆಗೆ ಶಸ್ತ್ರಚಿಕಿತ್ಸೆಯಾಗಿ ಆ ಋತುವಿನ ಉಳಿದ ಭಾಗವೆಲ್ಲ ಅವರಿಗೆ ನಷ್ಟವಾಯಿತು. ಸೋತ ಪಂದ್ಯವೊಂದರ ಕೊನೆಯ ಭಾಗಕ್ಕೆ ತಂಡವು ತೆತ್ತ ಬೆಲೆ ಎಷ್ಟೆಂಬುದನ್ನು ವಾಚಕರೇ ಎಣಿಸಬಹುದು. ನಿಧಾನವಾಗಿ ಎಸೆದ ಬಾಗ್ಸರಿಗೆ ಕೇಡಾಗಲಿಲ್ಲ. ಬಾರದ ಕೆಲಸಕ್ಕೆ ಕೈಹಾಕುವುದರಲ್ಲಿ ಅಪಾಯವು ಕಡಮೆ. ಅದರಲ್ಲಿ ಬಲ್ಲವನಂತೆ ಮೆರೆಯಹೊರಟರೆ ಅಪಾಯವು ಹೆಚ್ಚು.

ಆಪದ್ಧರ್ಮಕ್ಕೆ ಇನ್ನೊಂದು ಶತ್ರುವೆಂದರೆ ರೂಢಿ. ಇತ್ತೀಚಿನ ವರ್ಷಗಳಲ್ಲಿ ಮುಖ್ಯಸ್ಥರು ಈ ಉಪಾಯವನ್ನು ಮೇಲಿಂದ ಮೇಲೆ ಬಳಸತೊಡಗಿದರು. ಮೊದಮೊದಲು ನಕ್ಕು ಚಪ್ಪಾಳೆ ತಟ್ಟುತ್ತಿದ್ದ ಪ್ರೇಕ್ಷಕರಿಗೂ, ಹಣ ಕೊಟ್ಟು ಬಂದುದು ಪಂದ್ಯಕ್ಕೋ ಪ್ರಹಸನಕ್ಕೋ ಎಂಬ ಸಂದೇಹವು ಹುಟ್ಟಿದರೆ ಆಶ್ಚರ್ಯವೇನು? ಅಂತು 2023ರಲ್ಲಿ ನಿಯಮವನ್ನು ಬಿಗಿಗೊಳಿಸಿದರು. ಎಂಟು ರನ್ನು ಅಥವಾ ಹೆಚ್ಚು ಹಿಂದೆ ಬಿದ್ದ ತಂಡವು ಯಾವಾಗಲಾದರೂ, ಹತ್ತು ರನ್ನು ಅಥವಾ ಹೆಚ್ಚು ಮುಂದಿರುವ ತಂಡವು ಒಂಬತ್ತನೆಯ ಇನ್ನಿಂಗ್ಸಿನಲ್ಲಿ, ಹೆಚ್ಚುವರಿ ಇನ್ನಿಂಗ್ಸುಗಳಾದರೆ ಯಾವ ತಂಡವಾದರೂ ಸರಿ, ಇಂಥ ಎಸೆಗಾರನನ್ನು ನಿಲ್ಲಿಸಬಹುದು. ಮಿಕ್ಕ ವೇಳೆಯಲ್ಲಿ ಕೂಡದು. ಆಪತ್ತು ಎಂದರೆ ಯಾವುದು ಎಂಬುದನ್ನು ಅಂಕೆಗಳಲ್ಲಿ ಅಳೆದು ಕೊಟ್ಟಂತಾಯಿತು.

ಈ ಅಳತೆಯು ಸಂಸಾರಿಗಳಿಗೂ ಉಪಯೋಗಕ್ಕೆ ಬರತಕ್ಕದ್ದೇ. ಮನೆಯಾಕೆಯು ಜ್ವರದಿಂದ ಮಲಗಿದಾಗ ಯಜಮಾನರು ಸೌಟು ಹಿಡಿಯುವುದು ಶ್ಲಾಘ್ಯವೇ ಸರಿ. ಅಂದು ಅವರು ಹೋಳಿಗೆಗೆ ಹೊರಡದೆ ಗಂಜಿ ಸಾರುಗಳಲ್ಲಿ ನಿಲ್ಲಬೇಕು. ಉಣ್ಣುವವರೂ ಉಪ್ಪುಕಾರವನ್ನು ಎತ್ತಿ ಆಡಬಾರದು. ಆದರೆ ಒಬ್ಬರ ಭಾರವನ್ನು ಮತ್ತೊಬ್ಬರು ಹೊರುವ ದಿನವೇ ನಿತ್ಯದ ದಿನವಾಗಿಬಿಟ್ಟರೆ, ಆ ಮನೆಯಲ್ಲಿ ಆಪತ್ತು ಎಲ್ಲಿದೆಯೆಂಬುದನ್ನು ಅಡಿಗೆಯ ಕೋಣೆಯ ಹೊರಗೆ ಹುಡುಕಬೇಕಾಗುವುದು.