ಬಾಯಿ ಸೊಟ್ಟಾಯ್ತಾ? ಕರೆಂಟ್‌ಗೆ ದುಡ್ಡು ಹಾಕುವ ಮೊದಲು ಕನ್ನಡಿ ನೋಡಿ

ಬಸವಕಲ್ಯಾಣ/ಹುಮನಾಬಾದ್: ಬೆಳಿಗ್ಗೆ ಬಾಯಿ ಮುಕ್ಕಳಿಸುವಾಗ ನೀರು ಒಂದು ಕಡೆ ಸೋರುತ್ತದೆ, ಒಂದು ಕಣ್ಣು ಮುಚ್ಚುವುದಿಲ್ಲ. ಮನೆಯವರು ‘ಲಕ್ವಾ ಹೊಡದದ’ ಅಂತಾರೆ. ಈ ಭಾಗದಲ್ಲಿ ಕೈಕಾಲು ಬಿದ್ದರೂ ಲಕ್ವಾ, ಬಾಯಿ ಸೊಟ್ಟಾದರೂ ಲಕ್ವಾ. ಯುನಾನಿ ವೈದ್ಯದಲ್ಲಿ ಲಕ್ವಾ ಅಂದರೆ ಮುಖದ್ದು ಮಾತ್ರ, ಅರ್ಧ ಮೈ ಬಿದ್ದರೆ ಅದು ಫಾಲಿಜ್. ಆ ವ್ಯತ್ಯಾಸ ಮಾತಿನಲ್ಲಿ ಅಳಿಸಿಹೋಗಿದೆ. ತೊಂದರೆ ಶುರುವಾಗುವುದೇ ಅಲ್ಲಿ.

ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ, ಬಾಯಿ ಸೊಟ್ಟಾಗಿದ್ದರೂ ಹಣೆ ಎರಡೂ ಕಡೆ ಸುಕ್ಕಾಗುತ್ತಿದ್ದರೆ ಅದು ಮೆದುಳಿನ ಸ್ಟ್ರೋಕ್ ಇರಬಹುದು. ತಕ್ಷಣ 108ಕ್ಕೆ ಕರೆ ಮಾಡಬೇಕು. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಸಮಯ ನಾಲ್ಕೂವರೆ ಗಂಟೆ ಅಷ್ಟೇ. ಹಣೆ ಸೇರಿ ಮುಖದ ಒಂದು ಬದಿ ಮಾತ್ರ ಬಿದ್ದಿದ್ದರೆ ಹೆಚ್ಚಾಗಿ ಅದು ಬೆಲ್ಸ್ ಪಾಲ್ಸಿ, ಅಂದರೆ ಮುಖದ ನರದ ಊತ. ಯಾವುದು ಅಂತ ವೈದ್ಯರೇ ಹೇಳಬೇಕು.

ಇದಕ್ಕೂ ಗಡುವಿದೆ, 72 ಗಂಟೆ. 2007ರಲ್ಲಿ ಪ್ರಕಟವಾದ ಸ್ಕಾಟ್ಲೆಂಡ್ ಅಧ್ಯಯನದಲ್ಲಿ ಅಷ್ಟರೊಳಗೆ ಪ್ರೆಡ್ನಿಸೋಲೋನ್ ಮಾತ್ರೆ ಶುರು ಮಾಡಿದವರಲ್ಲಿ ಶೇ 94 ಮಂದಿ ಒಂಬತ್ತು ತಿಂಗಳಲ್ಲಿ ಪೂರ್ತಿ ಗುಣವಾದರು. ಆ ಮಾತ್ರೆ ಇಲ್ಲದವರಲ್ಲಿ ಶೇ 82. ಮಾತ್ರೆ ಅಗ್ಗವೇ, ಆದರೆ ಶುಗರ್ ಏರಿಸುತ್ತದೆ. ಮೆಡಿಕಲ್‌ನಲ್ಲಿ ತಾವೇ ಕೇಳಿ ನುಂಗುವಂಥದ್ದಲ್ಲ.

ಎರಡನೇ ಅಂಕಿಯನ್ನೂ ನೋಡಬೇಕು. ಆ ಮಾತ್ರೆ ಇಲ್ಲದೆಯೂ ಬಹುತೇಕರು ಗುಣವಾಗುತ್ತಾರೆ. ಹಾಗಾಗಿ ಸೊಪ್ಪಿನ ರಸ ಕೊಟ್ಟವರಿಗೂ ಹೆಸರು, ಕರೆಂಟ್ ಕೊಟ್ಟವರಿಗೂ ಹೆಸರು! ಕರೆಂಟ್‌ನಿಂದ ಲಾಭ ಎನ್ನಲು ಗಟ್ಟಿ ಪುರಾವೆ ಇಲ್ಲ. ಆದರೂ ಅದಕ್ಕಾಗಿ ದಿನಾ ಬೀದರ್‌ಗೆ ಓಡಾಡಿದರೆ ಬಸವಕಲ್ಯಾಣದಿಂದ ಒಂದು ಬದಿಗೇ ಸುಮಾರು 80 ಕಿ.ಮೀ. ಹೆಂಗಸರಿಗೆ ಶಕ್ತಿ ಯೋಜನೆಯ ಬಸ್ ಇದೆ. ಅಂಗಡಿ ಮುಚ್ಚಿ ಹೋಗುವ ಗಂಡಸಿಗೆ ಟಿಕೆಟ್ ಖರ್ಚು, ಜತೆಗೆ ದಿನದ ವ್ಯಾಪಾರವೂ ಹೋಯ್ತು.

ನಿಜವಾದ ಥೆರಪಿಗೆ ಬೇಕಿರುವುದು ಕನ್ನಡಿ ಮತ್ತು ತಾಳ್ಮೆ. ಹುಬ್ಬು, ಕಣ್ಣು, ತುಟಿ ಒಂದೊಂದನ್ನೇ ಮೆಲ್ಲಗೆ, ಸಣ್ಣದಾಗಿ ಅಲುಗಿಸುವುದು. ಜೋರಾಗಿ ಬಲೂನು ಊದುವುದು, ಚ್ಯೂಯಿಂಗ್ ಗಮ್ ಅಗಿಯುವುದು ಬೇಡ. ನರ ತಪ್ಪು ದಾರಿ ಹಿಡಿದು ಬೆಳೆದರೆ ನಗುವಾಗ ಕಣ್ಣು ತಾನಾಗಿ ಮುಚ್ಚುತ್ತದೆ, ಜೋರು ಮಾಡಿದರೆ ಅದೇ ಅಭ್ಯಾಸ ಗಟ್ಟಿಯಾಗಬಹುದು. ಇಷ್ಟನ್ನು ಫಿಸಿಯೋಥೆರಪಿಸ್ಟ್ ಒಂದೆರಡು ಸಲ ಕೂರಿಸಿ ಕಲಿಸಿದರೆ ಉಳಿದದ್ದು ಮನೆಯಲ್ಲೇ ಆಗುತ್ತದೆ. ತಾಲ್ಲೂಕು ಆಸ್ಪತ್ರೆಗೆ ಜನ ಕೇಳಬೇಕಾದ್ದು ಮಷೀನ್ ಅಲ್ಲ, ಕಲಿಸುವ ಒಬ್ಬರನ್ನು.

ಅಲ್ಲಿಯವರೆಗೆ ಕಣ್ಣು ಜೋಪಾನ. ಹೆದ್ದಾರಿ ಬದಿಯ ಅಂಗಡಿಯವರಿಗಂತೂ ಧೂಳು ತಪ್ಪಿದ್ದಲ್ಲ. ಹಗಲು ಕನ್ನಡಕ, ವೈದ್ಯರು ಬರೆದ ಡ್ರಾಪ್ಸ್. ರಾತ್ರಿ ರೆಪ್ಪೆ ಮುಚ್ಚಿ ಟೇಪ್. ಮೂರು ತಿಂಗಳಾದರೂ ಮುಖ ಸರಿಯಾಗದಿದ್ದರೆ ಬ್ರಿಮ್ಸ್‌ನ ಇಎನ್‌ಟಿ ವಿಭಾಗಕ್ಕೆ ಹೋಗಿ ತೋರಿಸಬೇಕು.