ನಮ್ಮ ಶಾಲೆಯ ಪ್ರವಾಸ ಬೇಕಲದ ಕಡಲಿಗೆ ಸಾಗಲಿ

ಸುವರ್ಣ ಮಹೋತ್ಸವದ ಈ ಶುಭಸಂದರ್ಭದಲ್ಲಿ, ನಮ್ಮನ್ನು ಬೆಳೆಸಿದ ಶಾಲೆಗೆ ಏನನ್ನು ಅರ್ಪಿಸಬೇಕೆಂಬ ಪ್ರಶ್ನೆ ಹಳೆಯ ವಿದ್ಯಾರ್ಥಿಗಳಾದ ನಮ್ಮೆಲ್ಲರ ಮುಂದಿದೆ. ಹೆಬ್ಬಾಗಿಲಿಗೊಂದು ಕಮಾನು, ರಂಗಮಂಟಪ, ಗ್ರಂಥಾಲಯಕ್ಕೆ ಹೊಸ ಕಪಾಟುಗಳು ಮೊದಲಾದ ಸಲಹೆಗಳು ಬಂದಿವೆ. ಇವೆಲ್ಲವೂ ಬೇಕಾದವುಗಳೇ, ಇವುಗಳಿಗೆ ನನ್ನ ವಿರೋಧವಿಲ್ಲ. ಆದರೆ ಇಟ್ಟಿಗೆ ಗಾರೆಗಳಿಂದ ಕಟ್ಟಲಾಗದ ಒಂದು ಕೊಡುಗೆಯನ್ನು ಸೂಚಿಸಲು ಈ ಸಂಚಿಕೆಯ ಪುಟಗಳನ್ನು ಬಳಸಿಕೊಳ್ಳುತ್ತಿದ್ದೇನೆ. ಪ್ರತಿವರ್ಷ ನಮ್ಮ ಶಾಲೆಯ ಮೇಲಿನ ತರಗತಿಯ ಮಕ್ಕಳನ್ನು ಕಾಸರಗೋಡು ಜಿಲ್ಲೆಯ ಬೇಕಲಕ್ಕೆ ಕರೆದೊಯ್ದು, ಅಲ್ಲಿನ ಕನ್ನಡ ಶಾಲೆಯೊಂದರ ಮಕ್ಕಳೊಡನೆ ಒಂದು ದಿನ ಕಳೆಯುವಂತೆ ಮಾಡುವುದಕ್ಕೆ ಶಾಶ್ವತ ನಿಧಿಯೊಂದನ್ನು ಸ್ಥಾಪಿಸಬೇಕೆಂಬುದೇ ಆ ಸೂಚನೆ.

ಬೇಕಲವೇ ಏಕೆ ಎಂದು ವಾಚಕರು ಕೇಳಬಹುದು. ಶಾಲಾ ಪ್ರವಾಸವೆಂದರೆ ನಮ್ಮಲ್ಲಿ ಮೈಸೂರು, ಉದಕಮಂಡಲ, ಹೊಗೇನಕಲ್ ಎಂದು ವಾಡಿಕೆಯಾಗಿದೆ. ಸಮುದ್ರಮಟ್ಟದಿಂದ ಸುಮಾರು 3000 ಅಡಿ ಎತ್ತರದಲ್ಲಿರುವ ಹೊಸೂರಿನ ಸೀಮೆಯಲ್ಲಿ ಹುಟ್ಟಿದ ಮಕ್ಕಳಿಗೆ ಬೆಟ್ಟ ಹೊಸದಲ್ಲ, ಕೋಟೆ ಹೊಸದಲ್ಲ. ಚಂದ್ರಚೂಡೇಶ್ವರನ ಗುಡ್ಡವನ್ನು ದಿನವೂ ಕಾಣುವವರು ಅವರು. ಕೃಷ್ಣಗಿರಿಯ ದುರ್ಗವನ್ನು ಬಸ್ಸಿನ ಕಿಟಕಿಯಿಂದ ನೋಡಿ ಬಲ್ಲವರು. ಆದರೆ ದುರ್ಗದ ಬುಡಕ್ಕೆ ಕಡಲು ಬಂದು ಅಪ್ಪಳಿಸುವ ನೋಟವನ್ನು ಅವರು ಕಂಡಿಲ್ಲ. ಬೇಕಲದಲ್ಲಿ ನೆಲವು ಸಮುದ್ರದೊಳಕ್ಕೆ ಚಾಚಿದ ದಿಣ್ಣೆಯೊಂದರ ಮೇಲೆ ಸುಮಾರು 40 ಎಕರೆ ವಿಸ್ತಾರದ ಕೋಟೆಯಿದೆ. ಕರಾವಳಿಯವರು ಮುರಕಲ್ಲೆಂದು ಕರೆಯುವ ಕೆಂಪು ಕಲ್ಲಿನಿಂದ ಅದನ್ನು ಕಟ್ಟಿದ್ದಾರೆ. ಮೂರು ಕಡೆ ನೀರು, ನೆಲದ ಕಡೆ ಕಂದಕ. ಒಳಗೆ ಅರಮನೆಯ ವೈಭವವಿಲ್ಲ. ಮೆಟ್ಟಿಲಿಳಿದು ಹೋಗುವ ಕೊಳ, ಮದ್ದಿನ ಮನೆ ಮತ್ತು ನಡುವೆ ಎತ್ತರದ ಕಾವಲು ಬುರುಜು. ಕಡಲ ಕಡೆಯ ಕೊತ್ತಳದಲ್ಲಿ ನಿಂತರೆ ಎರಡೂ ಪಕ್ಕದ ಮರಳದಂಡೆಗಳು ತೆಂಗಿನ ತೋಪುಗಳ ಅಂಚಿನಲ್ಲಿ ಬಾಗಿ ಹೋಗುವುದು ಕಾಣುತ್ತದೆ. 1995ರ ‘ಬಾಂಬೆ’ ಚಲನಚಿತ್ರದ ‘ಉಯಿರೇ’ ಹಾಡನ್ನು ಬಲ್ಲ ನಮ್ಮ ಊರಿನವರು, ಹೆಸರು ತಿಳಿಯದೆಯೇ ಈ ಕೋಟೆಯನ್ನು ತೆರೆಯ ಮೇಲೆ ಕಂಡಿದ್ದಾರೆ.

ನೋಟವೊಂದೇ ಕಾರಣವಾಗಿದ್ದರೆ ಕೇರಳದ ದಕ್ಷಿಣದಲ್ಲಿರುವ ವರ್ಕಲದ ಕಡಲಬಂಡೆ ಇನ್ನೂ ಪ್ರಸಿದ್ಧವಾದುದು, ಅಲ್ಲಿಗೇ ಹೋಗಬಹುದಿತ್ತು. ಬೇಕಲವನ್ನು ನಾನು ಆರಿಸಲು ಕಾರಣ, ಅಲ್ಲಿಯ ಚರಿತ್ರೆ ನಮ್ಮ ಚರಿತ್ರೆಯೊಡನೆ ಹೆಣೆದುಕೊಂಡಿರುವುದು. ಬಿದನೂರಿನಿಂದ ಆಳಿದ ಕೆಳದಿಯ ಶಿವಪ್ಪ ನಾಯಕನು 1650ರ ಸುಮಾರಿನಲ್ಲಿ ಈ ಕೋಟೆಯನ್ನು ಕಟ್ಟಿಸಿದನೆಂದು ಹೇಳುತ್ತಾರೆ. 1763ರಲ್ಲಿ ಬಿದನೂರು ಹೈದರಾಲಿಯ ಪಾಲಾದ ಮೇಲೆ ಬೇಕಲವೂ ಮೈಸೂರಿನ ಅಧೀನಕ್ಕೆ ಬಂತು. ನಮ್ಮ ಕೃಷ್ಣಗಿರಿಯೂ ಆಗ ಹೈದರ್ ಮತ್ತು ಟಿಪ್ಪುವಿನ ಕೋಟೆಯೇ ಆಗಿತ್ತು. 1792ರ ಶ್ರೀರಂಗಪಟ್ಟಣದ ಒಪ್ಪಂದದಂತೆ ಕೃಷ್ಣಗಿರಿಯನ್ನೊಳಗೊಂಡ ಬಾರಾಮಹಲ್ ಸೀಮೆ ಕಂಪನಿಯ ಕೈಸೇರಿತು. 1799ರಲ್ಲಿ ಟಿಪ್ಪುವಿನ ಪತನದೊಡನೆ ಕೆನರಾ ಪ್ರಾಂತವೂ ಸೇರಿತು. ಬಾರಾಮಹಲಿನಲ್ಲಿ ಏಳು ವರ್ಷ ಕಂದಾಯದ ಕೆಲಸ ಮಾಡಿದ ಥಾಮಸ್ ಮನ್ರೋ ಎಂಬ ಅಧಿಕಾರಿಯೇ 1799ರಲ್ಲಿ ಕೆನರಾಕ್ಕೆ ಕಲೆಕ್ಟರನಾಗಿ ಹೋದನು. ಹೀಗೆ ಒಂದೇ ಕೈ ಈ ಎರಡೂ ಸೀಮೆಗಳ ಹೊಲಗಳ ಲೆಕ್ಕವನ್ನು ಬರೆಯಿತು.

ಅನಂತರವೂ ನಾವು ಒಂದೇ ಮನೆಯವರು. ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲ್ಲೂಕು ಮತ್ತು ಸೇಲಂ ಜಿಲ್ಲೆಯ ಹೊಸೂರು ತಾಲ್ಲೂಕು ಇವೆರಡೂ ಮದರಾಸಿನ ಆಡಳಿತಕ್ಕೆ ಒಳಪಟ್ಟಿದ್ದವು. 1956ರ ನವೆಂಬರ್ 1ರಂದು ಭಾಷಾವಾರು ರಾಜ್ಯಗಳು ರಚನೆಯಾದಾಗ ದಕ್ಷಿಣ ಕನ್ನಡದ ಉಳಿದ ಭಾಗ ಮತ್ತು ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿದವು. ಕಾಸರಗೋಡು ಕೇರಳಕ್ಕೆ ಹೋಯಿತು. ಹೊಸೂರು ಮದರಾಸಿನಲ್ಲಿಯೇ ಉಳಿಯಿತು. ಒಂದೇ ದಿನ, ಒಂದೇ ಶಾಸನದಿಂದ, ಎರಡು ಕನ್ನಡ ಸಮುದಾಯಗಳು ಗಡಿಯಾಚೆಯವರಾದವು. ಬೇಕಲದ ದಕ್ಷಿಣಕ್ಕೆ, ಕಾಞಂಗಾಡಿನ ಬಳಿ, ಹೊಸದುರ್ಗವೆಂಬ ಇನ್ನೊಂದು ಕೆಳದಿಯ ಕೋಟೆಯಿದೆ. ಅಲ್ಲಿ ಹೊಸ ದುರ್ಗ, ಇಲ್ಲಿ ಹೊಸ ಊರು. ಹೆಸರುಗಳಾದರೂ ತಾವು ಯಾವ ಭಾಷೆಯಲ್ಲಿ ಹುಟ್ಟಿದೆವೆಂಬುದನ್ನು ಮರೆತಿಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕು. ಕನ್ನಡದ ದೊರೆಯೊಬ್ಬನು ಕಟ್ಟಿಸಿದ ಕೋಟೆ ಯಾರ ಜಮೀನಿಗೂ ಹಕ್ಕುಪತ್ರವಲ್ಲ. 1967ರ ಮಹಾಜನ ಆಯೋಗದ ವರದಿಯು ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಮೈಸೂರಿಗೆ ಸೇರಿಸಬೇಕೆಂದು ಶಿಫಾರಸು ಮಾಡಿತು; ಅದು ಕಾರ್ಯಗತವಾಗಲಿಲ್ಲ. ಬೇಕಲವಾದರೋ ಆ ಹೊಳೆಯ ದಕ್ಷಿಣಕ್ಕಿದೆ; ಆಯೋಗದ ಗೆರೆಯೊಳಗೂ ಅದು ಬರುತ್ತಿರಲಿಲ್ಲ. ಕೋಟೆಯ ಬಾಗಿಲಲ್ಲಿ ಮುಖ್ಯಪ್ರಾಣನ ಗುಡಿಯಿದೆ, ಸಮೀಪದಲ್ಲಿಯೇ ಮಸೀದಿಯಿದೆ, ಸುತ್ತಲಿನವರು ಮಲಯಾಳದಲ್ಲಿ ಮಾತನಾಡುತ್ತಾರೆ. ಮಕ್ಕಳನ್ನು ಅಲ್ಲಿಗೆ ಕರೆದೊಯ್ದು ‘ಇದೆಲ್ಲ ನಮ್ಮದಾಗಿತ್ತು’ ಎಂದು ಎದೆ ತಟ್ಟಿಕೊಳ್ಳಲು ಕಲಿಸಿದರೆ ಪ್ರವಾಸವು ವ್ಯರ್ಥವಷ್ಟೇ ಅಲ್ಲ, ಹಾನಿಕರವೂ ಆದೀತು. ಅವರು ಕಲಿಯಬೇಕಾದ ಪಾಠ ಬೇರೆ: ಗಡಿಗಳು ಸರಿದಾಡುತ್ತವೆ, ಆದರೆ ಮನೆಯೊಳಗಿನ ಭಾಷೆಯನ್ನು ಉಳಿಸಿಕೊಳ್ಳುವ ಹೊಣೆ ಸರಿಯುವುದಿಲ್ಲ.

ಆ ಹೊಣೆಯನ್ನು ಕಾಸರಗೋಡಿನವರು ಹೊತ್ತ ರೀತಿಯನ್ನು ನೋಡಬೇಕು. ಮಂಜೇಶ್ವರದ ಗೋವಿಂದ ಪೈಗಳಿಗೆ 1949ರಲ್ಲಿ ರಾಷ್ಟ್ರಕವಿ ಪದವಿಯನ್ನಿತ್ತದ್ದು ಅಂದಿನ ಮದರಾಸು ಸರ್ಕಾರ, ಎಂದರೆ ನಮ್ಮದೂ ಆಗಿದ್ದ ಸರ್ಕಾರ. ಕವಿ, ಅಧ್ಯಾಪಕ, ಕೃಷಿಕ ಕಯ್ಯಾರ ಕಿಞ್ಞಣ್ಣ ರೈಗಳು 2015ರಲ್ಲಿ ನೂರು ತುಂಬಿ ತೀರಿಕೊಳ್ಳುವವರೆಗೂ ಗಡಿನಾಡಿನ ಕನ್ನಡದ ದನಿಯಾಗಿದ್ದರು. ತೆಂಕುತಿಟ್ಟಿನ ಯಕ್ಷಗಾನ ಪ್ರಸಂಗಗಳ ಪಾರ್ತಿಸುಬ್ಬನ ಕುಂಬಳೆ ಅಲ್ಲಿದೆ. ಸಂವಿಧಾನದ ಮೂಲಸ್ವರೂಪವನ್ನು ಸಂಸತ್ತೂ ಕೆಡಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯವು 1973ರಲ್ಲಿ ನೀಡಿದ ತೀರ್ಪಿನ ಅರ್ಜಿದಾರರು ಅಲ್ಲಿಯ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳು. ಗಡಿಯಂಚಿನಲ್ಲಿರುವವರು ನಾಡಿನ ಅಂಚಿಗೆ ಸರಿದವರೆಂದು ಭಾವಿಸುವ ಮಕ್ಕಳಿಗೆ ಈ ಹೆಸರುಗಳಿಗಿಂತ ಒಳ್ಳೆಯ ಉತ್ತರ ಬೇಕೇ?

ಅವರ ಕಷ್ಟಗಳೂ ನಮ್ಮವೇ. 2006ರ ಕಾಯಿದೆಯಿಂದ ತಮಿಳುನಾಡಿನಲ್ಲಿ ತಮಿಳು ಕಡ್ಡಾಯವಾಗುತ್ತ ಬಂದು 2015–16ರಲ್ಲಿ ಹತ್ತನೆಯ ತರಗತಿಯನ್ನು ಮುಟ್ಟಿದಾಗ ನಮ್ಮ ಮನೆಗಳಲ್ಲಿ ಎದ್ದ ಆತಂಕವನ್ನು ನಾವು ಮರೆತಿಲ್ಲ. 2017ರಲ್ಲಿ ಕೇರಳವು ಮಲಯಾಳವನ್ನು ಕಡ್ಡಾಯಗೊಳಿಸಿದಾಗ ಕಾಸರಗೋಡಿನಲ್ಲಿ ಎದ್ದದ್ದೂ ಅದೇ ಆತಂಕ. ಕನ್ನಡವರಿಯದ ಅಧ್ಯಾಪಕರು ಕನ್ನಡ ತರಗತಿಗಳಿಗೆ ನೇಮಕವಾದಾಗ ಅಲ್ಲಿಯ ಮಕ್ಕಳೂ ಪೋಷಕರೂ ಬೀದಿಗಿಳಿದು ಪ್ರತಿಭಟಿಸಿದ್ದುಂಟು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯವಿರಬೇಕೆನ್ನುವ ಸಂವಿಧಾನದ 350ಎ ವಿಧಿಯನ್ನು ಅವರು ಬಾಯಿಪಾಠವಾಗಿ ಬಲ್ಲರು. ನಮ್ಮಲ್ಲಿ ಎಷ್ಟು ಮಂದಿ ಬಲ್ಲೆವು?

ನಾನು ಅಲ್ಲಿಗೆ ಹೋಗಿದ್ದಾಗ ಹಿರಿಯ ಅಧ್ಯಾಪಕರೊಬ್ಬರು, “ನಿಮ್ಮ ಹೊಸೂರಿನ ಮಕ್ಕಳಿಗೆ ತಮಿಳು ಚೆನ್ನಾಗಿ ಬರುತ್ತದೆಯೋ?” ಎಂದು ಕೇಳಿದರು. “ಬರುತ್ತದೆ ಮಾಸ್ತರರೇ, ತೆಲುಗೂ ಬರುತ್ತದೆ” ಎಂದೆ. “ಹಾಗಾದರೆ ಅವರಿಗೆ ಯಾರ ಮೇಲೂ ಹಗೆ ಬೇಕಾಗಿಲ್ಲ. ಕನ್ನಡ ಓದಿದರೆ ಬೇರೇನೂ ಬಾರದೆಂಬ ಹೆದರಿಕೆ ತಂದೆತಾಯಿಗಳಿಗೆ ಹೋಗಬೇಕು, ಅಷ್ಟೇ” ಎಂದರು. ನಮ್ಮ ಶಾಲೆಯ ಇಂದಿನ ಸಂಕಟವೂ ಅದೇ ಅಲ್ಲವೇ? ಕನ್ನಡ ಮನೆಗಳಿಂದಲೇ ಮಕ್ಕಳು ಬೇರೆ ಶಾಲೆಗಳ ಬಸ್ಸು ಹತ್ತುತ್ತಿದ್ದಾರೆ. ಇಲ್ಲಿ ಓದುವ ಮಗು, ತಾನು ಹಿಂದುಳಿದ ಒಂಟಿ ಎಂದು ಭಾವಿಸಿದರೆ, ನಾಳೆ ತನ್ನ ಮಗುವನ್ನು ಇಲ್ಲಿಗೆ ಕಳುಹಿಸುವುದಿಲ್ಲ. ನೂರಾರು ಮೈಲಿಗಳಾಚೆ ತನ್ನಂತೆಯೇ ಎರಡು ಮೂರು ಭಾಷೆಗಳನ್ನು ಆಡುತ್ತ, ಕನ್ನಡದಲ್ಲಿ ಪಾಠ ಓದುವ ಮಕ್ಕಳನ್ನು ಕಣ್ಣಾರೆ ಕಂಡರೆ ಆ ಭಾವನೆ ನಿಲ್ಲದು. ಕಮಾನಿನಿಂದ ಈ ಕೆಲಸವಾಗದು.

ದೂರ ಹೆಚ್ಚು, ವೆಚ್ಚ ಹೆಚ್ಚು ಎಂಬ ಆಕ್ಷೇಪಣೆ ನ್ಯಾಯವಾದುದು. ಬೆಂಗಳೂರಿನಿಂದ ಹಾಸನ, ಮಂಗಳೂರುಗಳ ಮಾರ್ಗವಾಗಿ ಕಾಸರಗೋಡಿಗೆ ರಾತ್ರಿಯ ರೈಲುಂಟು, ಬಸ್ಸನ್ನೇ ನೆಚ್ಚಬೇಕಾಗಿಲ್ಲ. ಮಳೆಗಾಲದ ಕಡಲು ಅಪಾಯಕರವಾದುದರಿಂದ ಡಿಸೆಂಬರ್ ಇಲ್ಲವೇ ಜನವರಿಯಲ್ಲಿ ಹೊರಡಬೇಕು. ಕೋಟೆಯ ಅಂಚಿನ ಕಲ್ಲುಗಳ ಮೇಲೆ ಮಕ್ಕಳನ್ನು ಬಿಡದೆ, ನೀರಿಗಿಳಿಸದೆ, ಹತ್ತು ಮಂದಿಗೊಬ್ಬ ಹಿರಿಯರನ್ನು ನೇಮಿಸಬೇಕು; ಹೆಣ್ಣುಮಕ್ಕಳೊಡನೆ ಅಧ್ಯಾಪಿಕೆಯರು ಇರಲೇಬೇಕು. ಮೊದಲ ದಿನ ಶಾಲೆಯ ಭೇಟಿ, ಎರಡನೆಯ ದಿನ ಮಂಜೇಶ್ವರದಲ್ಲಿ ಪೈಗಳ ಸ್ಮಾರಕ, ಸಂಜೆಗೆ ಬೇಕಲ. ಮರುವರ್ಷ ಅಲ್ಲಿಯ ಮಕ್ಕಳನ್ನು ನಾವು ಕರೆಸಿ ಕೃಷ್ಣಗಿರಿಯ ದುರ್ಗವನ್ನು ಹತ್ತಿಸೋಣ, ನಮ್ಮ ಮನೆಗಳಲ್ಲಿ ರಾಗಿಮುದ್ದೆಯನ್ನು ಬಡಿಸೋಣ.

ಈ ನಿಧಿಗೆ ಪ್ರತಿಯೊಂದು ತಂಡದ ಹಳೆಯ ವಿದ್ಯಾರ್ಥಿಗಳೂ ಒಬ್ಬ ಮಗುವಿನ ಪ್ರಯಾಣವೆಚ್ಚವನ್ನು ವಹಿಸಿಕೊಂಡರೂ ಸಾಕು, ಬಡ ಮನೆಯ ಯಾವ ಮಗುವೂ ಹಿಂದುಳಿಯಬೇಕಾಗದು. ಆಡಳಿತ ಮಂಡಳಿಯವರು ಮಹೋತ್ಸವದ ಸಮಾರೋಪಕ್ಕೆ ಮುನ್ನವೇ ಈ ಸೂಚನೆಯನ್ನು ಪರಿಶೀಲಿಸಿ, ಬರುವ ಶೈಕ್ಷಣಿಕ ವರ್ಷದಲ್ಲಿಯೇ ಮೊದಲ ತಂಡವನ್ನು ಕಳುಹಿಸುವಂತಾಗಲೆಂದು ವಿನಯಪೂರ್ವಕವಾಗಿ ಪ್ರಾರ್ಥಿಸುತ್ತೇನೆ.